ರೈತ ಕುಟುಂಬದ ಜಮಾ-ಖರ್ಚು: ಕೈಬರಹದ ಪುಸ್ತಕವೋ, ಕಂಪ್ಯೂಟರೋ?

ಹೊಲದ ಹಣ ಬೇರೆ, ಮನೆಯ ಹಣ ಬೇರೆ ಎಂಬ ವಿಂಗಡಣೆ ಸಣ್ಣ ಹಿಡುವಳಿದಾರರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಲಿನ ಬಟವಾಡೆಯಲ್ಲಿ ಗೊಬ್ಬರ ಬರುತ್ತದೆ. ಟೊಮೆಟೊ ಮಾರಿದ ಹಣದಲ್ಲಿ ಮಕ್ಕಳ ಶಾಲೆಯ ಶುಲ್ಕ ಹೋಗುತ್ತದೆ. ಆದ್ದರಿಂದ ಎರಡನ್ನೂ ಒಳಗೊಂಡ ಒಂದೇ ಜಮಾ-ಖರ್ಚಿನ ಲೆಕ್ಕ ಅವಶ್ಯಕ. ಅದನ್ನು ಪುಸ್ತಕದಲ್ಲಿ ಬರೆಯುವುದೋ, ಕಂಪ್ಯೂಟರ್ ಅಥವಾ ಮೊಬೈಲಿನಲ್ಲಿ ಇಡುವುದೋ ಎಂಬುದು ಓದಿದ ಮಕ್ಕಳಿರುವ ಮನೆಗಳಲ್ಲಿ ಏಳುವ ಪ್ರಶ್ನೆ.

ಲೆಕ್ಕ ಬರೆಯುವುದು ಒಂದು ಕೆಲಸ, ತಾಳೆ ನೋಡುವುದು ಇನ್ನೊಂದು. ಬಹಳ ಜನ ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ತಿಂಗಳ ಕೊನೆಯಲ್ಲಿ ಪುಸ್ತಕ ತೋರಿಸುವ ಉಳಿಕೆಯನ್ನು ಕೈಯಲ್ಲಿರುವ ನಗದು ಹಾಗೂ ಬ್ಯಾಂಕ್ ಪಾಸ್‌ಬುಕ್ಕಿನ ಉಳಿಕೆಯೊಡನೆ ಹೋಲಿಸುವುದೇ ತಾಳೆ.

ಉದಾಹರಣೆಗೆ, ಒಂದು ಕುಟುಂಬದಲ್ಲಿ ತಿಂಗಳ ಮೊದಲಿಗೆ ನಗದು 3,500 ರೂ., ಬ್ಯಾಂಕಿನಲ್ಲಿ 18,200 ರೂ. ಇದೆಯೆನ್ನೋಣ. ಹಾಲಿನಿಂದ 11,400, ಟೊಮೆಟೊದಿಂದ 14,000 ರೂ. ಬಂತು. ಒಟ್ಟು 47,100 ರೂ. ಪಶು ಆಹಾರ 6,200, ಗೊಬ್ಬರ 5,400, ಕೂಲಿ 4,800, ದಿನಸಿ 6,500, ಶಾಲೆ 3,000, ವಿದ್ಯುತ್ ಮತ್ತು ಫೋನು 900, ಹೀಗೆ ಖರ್ಚು 26,800 ರೂ. ಪುಸ್ತಕದ ಪ್ರಕಾರ 20,300 ರೂ. ಉಳಿಯಬೇಕು. ಎಣಿಸಿ ನೋಡಿದರೆ ನಗದು 1,900, ಬ್ಯಾಂಕಿನಲ್ಲಿ 16,700, ಒಟ್ಟು 18,600 ರೂ. ಮಾತ್ರ. ಉಳಿದ 1,700 ರೂ. ಎಲ್ಲಿ ಹೋಯಿತು? ಮನೆಮಂದಿ ಕುಳಿತು ನೆನಪಿಸಿಕೊಂಡಾಗ ಬದುವಿನ ಮೇಲೆಯೇ ಕೊಟ್ಟ ಟ್ರ್ಯಾಕ್ಟರ್ ಬಾಡಿಗೆ 1,200, ಮದುವೆಗೆ ಹಾಕಿದ ಮುಯ್ಯಿ 500 ಹೊರಬರುತ್ತವೆ. ಬರೆಯದಿದ್ದರೆ ಟೊಮೆಟೊ ಬೆಳೆಯ ಖರ್ಚು 1,200 ರೂ.ಗಳಷ್ಟು ಕಡಿಮೆ ಕಾಣುತ್ತಿತ್ತು.

ವ್ಯತ್ಯಾಸ ಹುಡುಕಲು ಹಳೆಯ ಗುಮಾಸ್ತರು ಬಳಸುತ್ತಿದ್ದ ಎರಡು ಉಪಾಯಗಳಿವೆ. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿರುವ ಸಂಭವವಿದೆ; 5,400ಕ್ಕೆ 4,500 ಎಂದು ಬರೆದರೆ 900 ರೂ. ವ್ಯತ್ಯಾಸ ಬರುತ್ತದೆ. ಖರ್ಚನ್ನು ಜಮಾ ಕಡೆ ಬರೆದಿದ್ದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟಿರುತ್ತದೆ. ಆದುದರಿಂದ ವ್ಯತ್ಯಾಸದ ಅರ್ಧ ಮೊತ್ತವನ್ನು ಪುಸ್ತಕದಲ್ಲಿ ಹುಡುಕಬೇಕು.

ಕೂಡಿಸುವುದರಲ್ಲಿ ಮನುಷ್ಯ ಕಂಪ್ಯೂಟರಿಗೆ ಸಮನಲ್ಲ. ಎಕ್ಸೆಲ್ಲಿನಂಥ ಕೋಷ್ಟಕದಲ್ಲಿ ಒಂದು ಅಂಕಿ ತಿದ್ದಿದರೆ ಮೊತ್ತಗಳೆಲ್ಲ ತಾವಾಗಿಯೇ ಬದಲಾಗುತ್ತವೆ. ಬೆಳೆವಾರು ಖರ್ಚನ್ನು ಬೇರ್ಪಡಿಸಲು, ಮೂರು ವರ್ಷದ ಲೆಕ್ಕ ಹೋಲಿಸಲು ಇದಕ್ಕಿಂತ ಸುಲಭ ವಿಧಾನವಿಲ್ಲ. ಆದರೆ ತಪ್ಪು ಅಂಕಿಯನ್ನೂ ಅದು ಅಷ್ಟೇ ಚೆನ್ನಾಗಿ ಕೂಡಿಸುತ್ತದೆ! ಮೊತ್ತದ ಮನೆಯಲ್ಲಿ ಅಂಕಿಯ ಜೊತೆಗೆ 'ರೂಪಾಯಿ' ಎಂದೂ ಟೈಪು ಮಾಡಿದರೆ ಅದನ್ನು ಅಕ್ಷರವೆಂದು ತಿಳಿದು ಮೊತ್ತಕ್ಕೆ ಸೇರಿಸದೆ ಬಿಡುತ್ತದೆ, ಹೇಳುವುದೂ ಇಲ್ಲ.

ಬ್ಯಾಂಕಿನ ಸಂದೇಶ ಓದಿ ತಾನೇ ಲೆಕ್ಕ ಬರೆದುಕೊಳ್ಳುವ ಮೊಬೈಲ್ ಆ್ಯಪ್‌ಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2016ರಲ್ಲಿ ಯು.ಪಿ.ಐ. ಬಂದ ಮೇಲೆ ಅನೇಕ ಪಾವತಿಗಳಿಗೆ ತಾನಾಗಿಯೇ ದಾಖಲೆ ಸಿಗುತ್ತಿದೆ, ನಿಜ. ಆದರೆ ಎ.ಟಿ.ಎಂ.ನಿಂದ ತೆಗೆದ ಹಣವನ್ನು ಖರ್ಚೆಂದು ತೋರಿಸುವ ಆ್ಯಪ್‌ಗಳುಂಟು. ಅದು ಖರ್ಚಲ್ಲ, ಬ್ಯಾಂಕಿನಿಂದ ಜೇಬಿಗೆ ಬಂದ ಹಣ. ನಗದು ಕೂಲಿ, ಮನೆಗೆ ಉಳಿಸಿಕೊಂಡ ರಾಗಿ, ಅಂಗಡಿಯ ಉದ್ದರಿ, ಕೈಸಾಲ, ಇವು ಯಾವುವೂ ಅದಕ್ಕೆ ತಿಳಿಯವು.

ಉದ್ದರಿಯ ಮರೆವು ದುಬಾರಿಯಾಗಬಲ್ಲದು. ಮೇಲಿನ ಕುಟುಂಬ ಗೊಬ್ಬರದಂಗಡಿಗೆ ಇನ್ನೂ 9,000 ರೂ. ಕೊಡಬೇಕಿದ್ದರೆ, ಬ್ಯಾಂಕಿನ 16,700 ರೂ.ಗಳಲ್ಲಿ ಬೆಳೆ ಸಾಲದ ಮರುಪಾವತಿಗೆ ಮೀಸಲಿಡಬಹುದಾದದ್ದು 7,700 ಮಾತ್ರ. ಗಡುವಿನೊಳಗೆ ಸಾಲ ತೀರಿಸದವರಿಗೆ ಸಕಾಲ ಮರುಪಾವತಿಯ ಬಡ್ಡಿ ರಿಯಾಯಿತಿ ತಪ್ಪುತ್ತದೆ. ಪುಸ್ತಕದ ಕೊನೆಯ ಹಾಳೆಯಲ್ಲಿ 'ಕೊಡಬೇಕಾದದ್ದು', 'ಬರಬೇಕಾದದ್ದು' ಎಂದು ಎರಡು ಪಟ್ಟಿಗಳನ್ನು ಗಡುವಿನ ದಿನಾಂಕದೊಂದಿಗೆ ಇಡಬೇಕು.

ಎರಡು-ಮೂರು ಎಕರೆಯ ರೈತರು ದಿನದ ಲೆಕ್ಕವನ್ನು ಪುಸ್ತಕದಲ್ಲಿಯೇ ಬರೆಯುವುದು ಲೇಸು. ಸಂಜೆ ಐದು ನಿಮಿಷ ಸಾಕು. ಅಡಿಗೆಮನೆಯ ಖರ್ಚು, ಹಾಲಿನ ಹಣ ಸಾಮಾನ್ಯವಾಗಿ ಹೆಂಗಸರ ಕೈಯಲ್ಲಿರುವುದರಿಂದ ಪುಸ್ತಕವೂ ಅವರಿಗೆ ಸಿಗುವ ಜಾಗದಲ್ಲಿರಲಿ. ತಾಳೆಯಾದ ನಂತರ ತಿಂಗಳ ಮೊತ್ತಗಳನ್ನು ಮಾತ್ರ ಕಂಪ್ಯೂಟರಿಗೆ ಏರಿಸಬಹುದು. ನೆರವಾಗುವ ವಿಸ್ತರಣಾ ಕಾರ್ಯಕರ್ತರು ಮೊದಲ ಎರಡು ತಿಂಗಳ ತಾಳೆಗೆ ಮನೆಯವರೊಂದಿಗೆ ಕುಳಿತುಕೊಳ್ಳಬೇಕು. ತಂತ್ರಾಂಶವನ್ನು ಆಮೇಲೆ ಕಲಿಸಿದರಾಯಿತು.

ಯುಗಾದಿಗೆ ಹೊಸ ಪುಸ್ತಕ ತೆರೆಯುವವರು ಏಪ್ರಿಲ್ 1ರಿಂದ ಲೆಕ್ಕ ಆರಂಭಿಸಿದರೆ ಬ್ಯಾಂಕು, ಸಹಕಾರ ಸಂಘಗಳ ಲೆಕ್ಕದ ವರ್ಷದೊಂದಿಗೆ ಹೊಂದಿಕೆಯಾಗುತ್ತದೆ. ಅಂದಿನ ನಗದನ್ನು ಎಣಿಸಿ ಮೊದಲ ಸಾಲಿನಲ್ಲಿಯೇ ಬರೆಯಬೇಕು.