ಸಹಸ್ರಪದಿ ಸಾಕುವ ಮೊದಲು ಮಣ್ಣು ಸಾಕಿ

ಪೂರ್ವ ಆಫ್ರಿಕದ ದೈತ್ಯ ಸಹಸ್ರಪದಿ ಪೂರ್ತಿ ಬೆಳೆದಾಗ ಸುಮಾರು ಒಂದಡಿ ಉದ್ದವಿರುತ್ತದೆ, 33 ಸೆಂ.ಮೀ. ಮುಟ್ಟಿದ್ದೂ ಉಂಟು. ಮಳೆ ಹಿಡಿದಾಗ ನಮ್ಮ ತೋಟಗಳಲ್ಲಿ ಹರಿದಾಡುವ ಒನಕೆಬಂಡಿಗೆ, ಕರಾವಳಿಯವರ ಚೋರಟೆಗೆ, ಇದು ದೊಡ್ಡ ದಾಯಾದಿ. ಬ್ರಿಟನ್, ಜರ್ಮನಿಗಳಲ್ಲಿ ಇದನ್ನು ಮನೆಗಳಲ್ಲೂ ಶಾಲೆಗಳಲ್ಲೂ ಸಾಕುತ್ತಾರೆ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ತರಗತಿಯಲ್ಲಿ ನೋಡಿ ಬಂದು, ನಮಗೂ ಒಂದು ಬೇಕೆಂದು ಹಟ ಹಿಡಿಯಬಹುದು. ಮಾರುವವರ ಶಿಫಾರಸು ಸರಳ: ಬೊಗಳುವುದಿಲ್ಲ, ಕಚ್ಚುವುದಿಲ್ಲ, ಸೌತೆಕಾಯಿ ಹೋಳು ಹಾಕಿದರೆ ಬದುಕಿಕೊಳ್ಳುತ್ತದೆ. ಮೊದಲೆರಡು ಮಾತು ನಿಜ. ಮೂರನೆಯದನ್ನು ನಂಬಿದವರ ಪೆಟ್ಟಿಗೆಯಲ್ಲಿ 5ರಿಂದ 7 ವರ್ಷ ಬಾಳಬೇಕಾದ ಜೀವಿ ಸದ್ದಿಲ್ಲದೆ ಸೊರಗಿ ಸಾಯುತ್ತದೆ. ಸಹಸ್ರಪದಿಯನ್ನು ಸಾಕುವುದೆಂದರೆ ಮುಖ್ಯವಾಗಿ ಅದು ವಾಸಿಸುವ ಮಣ್ಣನ್ನು ಸಾಕುವುದು. ಇದನ್ನು ಒಪ್ಪಿಕೊಂಡರೆ ಉಳಿದ ಕೆಲಸವೆಲ್ಲ ಹಗುರ.

ಕಾರಣ ಅದರ ಹೊಟ್ಟೆಯಲ್ಲಿದೆ. ಕಾಡಿನಲ್ಲಿ ಸಹಸ್ರಪದಿ ತಿನ್ನುವುದು ಕೊಳೆಯುತ್ತಿರುವ ಎಲೆ ಮತ್ತು ಮರವನ್ನು, ಅದರ ಜೊತೆಗೆ ಆ ಎಲೆಯ ಮೇಲೆ ಬೆಳೆದ ಬೂಸ್ಟು, ಬ್ಯಾಕ್ಟೀರಿಯಗಳನ್ನು. ಒಣಗಿದ ಎಲೆಯಲ್ಲಿ ಸತ್ವ ಕಡಿಮೆ. ಸೂಕ್ಷ್ಮಜೀವಿಗಳು ಹತ್ತಿ ಮೆದುವಾದ ಮೇಲೆಯೇ ಅದು ಆಹಾರವಾಗುತ್ತದೆ. ಅಂದರೆ ಕಾಲಡಿಯ ಹಾಸೇ ಅದರ ಊಟದ ತಟ್ಟೆ. ಮೊಟ್ಟೆ ಇಡುವುದೂ ಪೊರೆ ಕಳಚುವುದೂ ಅಲ್ಲೇ. ಅಂಗಡಿಗಳು ಮಾತ್ರ ಹಲವು ಸಲ ಪ್ರಾಣಿಯ ಜೊತೆ ಒಂದು ಇಟ್ಟಿಗೆ ತೆಂಗಿನ ನಾರಿನ ಪುಡಿಯನ್ನು ಕೊಟ್ಟು ಕಳಿಸುತ್ತವೆ. ನಾರಿನ ಪುಡಿ ನೀರು ಹಿಡಿಯುತ್ತದೆ, ನೋಡಲು ಚೆಂದ, ಆದರೆ ಪೋಷಣೆ ಇಲ್ಲವೆಂದೇ ಹೇಳಬೇಕು. ಬೇರೇನೂ ಸಿಗದ ಸಹಸ್ರಪದಿ ಅದನ್ನೇ ತಿನ್ನುತ್ತದೆ. ಹೊಟ್ಟೆ ತುಂಬಿಯೂ ಹಸಿದಿರುತ್ತದೆ. ತರಕಾರಿ ಹೋಳು ಈ ಕೊರತೆಯನ್ನು ತುಂಬಲಾರದು, ಏಕೆಂದರೆ ಅದರಲ್ಲಿರುವುದು ಬಹುಪಾಲು ನೀರು.

ಆದ್ದರಿಂದ ಕೆಲಸವನ್ನು ತಿರುಗಾಮುರುಗಾ ಮಾಡಿ: ಪ್ರಾಣಿಯನ್ನು ತರುವುದಕ್ಕೆ ಕೆಲವು ವಾರ ಮೊದಲೇ ಮಣ್ಣು ಸಿದ್ಧವಾಗಲಿ. ಅದರ ಅರ್ಧದಷ್ಟು ಪಾಲು, ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿರುವ ಅಗಲ ಎಲೆಗಳು ಬೇಕು. ಯುರೋಪಿನಲ್ಲಾದರೆ ಓಕ್ ಮತ್ತು ಬೀಚ್ ಮರದವು ಸುಲಭವಾಗಿ ಸಿಗುತ್ತವೆ. ಕಾಲುಭಾಗ ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಂಥ ಬಿಳಿಚಿದ ಲಡ್ಡು ಮರ. ಉಳಿದದ್ದು ರಾಸಾಯನಿಕ ಗೊಬ್ಬರ ಸೇರದ ಮಣ್ಣು. ನಾರಿನ ಪುಡಿಗೆ ಜಾಗವಿದ್ದರೆ ಅದು ಈ ಪಾಲಿನಲ್ಲಿ ಮಾತ್ರ. ಪೈನ್, ಸೀಡರ್‌ನಂಥ ಅಂಟುರಾಳದ ಮರ ಬೇಡವೇ ಬೇಡ. ಇದಕ್ಕೆ ಸುಣ್ಣದ ಅಂಶ ಬೆರೆಸಬೇಕು: ಮೊಟ್ಟೆ ಚಿಪ್ಪಿನ ಪುಡಿ, ಸುಣ್ಣಕಲ್ಲಿನ ಪುಡಿ, ಇಲ್ಲವೆ ಪಂಜರದ ಹಕ್ಕಿಗಳಿಗೆ ಕೊಡುವ ಕಟಲ್‌ಬೋನ್. ಸಹಸ್ರಪದಿಯ ಕವಚ ಗಟ್ಟಿಯಾಗುವುದೇ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ಎಲೆಗಳನ್ನು ಕೀಟನಾಶಕ ಹೊಡೆಯದ ಜಾಗದಿಂದಲೇ ಆರಿಸಿ. ತಂದದ್ದನ್ನು ಒಲೆಯಲ್ಲಿ ಹುರಿದು ಶುದ್ಧ ಮಾಡಬೇಕೆಂದು ಕೆಲವರು ವಾದಿಸುತ್ತಾರೆ. ಎಲೆಯ ಜೊತೆ ಜರಿ ಬಂದರೆ ಮರಿ ಸಹಸ್ರಪದಿಗಳಿಗೆ ಅಪಾಯ ಎನ್ನುವುದು ಅವರ ಕಾಳಜಿ, ಅದು ಸರಿಯೇ. ಆದರೆ ಹುರಿದರೆ ಬೇಕಾದ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಒಂದೆರಡು ದಿನ ಫ್ರೀಜರಿನಲ್ಲಿಟ್ಟು ತೆಗೆಯುವುದು ನಡುವಿನ ದಾರಿ. ಜರಿ ಸಾಯುತ್ತದೆ, ಬೂಸ್ಟು ಮತ್ತೆ ಚಿಗುರಿಕೊಳ್ಳುತ್ತದೆ.

ಪೆಟ್ಟಿಗೆ ಗಾಜಿನದೋ ಪ್ಲಾಸ್ಟಿಕ್ಕಿನದೋ ಆಗಬಹುದು. ಅದರ ಉದ್ದ ಪ್ರಾಣಿಯ ಮೂರರಷ್ಟಿರಲಿ, ಮಣ್ಣಿನ ಆಳ 15 ಸೆಂ.ಮೀ.ಗಿಂತ ಕಡಿಮೆ ಬೇಡ, ದೊಡ್ಡ ಪ್ರಾಣಿಗೆ ಅದರ ಮೈಯಷ್ಟೇ ಆಳವಿದ್ದರೆ ಇನ್ನೂ ಒಳ್ಳೆಯದು. ಮುಚ್ಚಳ ಭದ್ರವಾಗಿರಬೇಕು, ಗಾಳಿಗೆ ಸಣ್ಣ ತೂತುಗಳಿರಬೇಕು. ಸಹಸ್ರಪದಿಯ ಮೈಮೇಲೆ ಕೀಟಗಳಿಗಿರುವಂಥ ಮೇಣದ ಲೇಪ ಇಲ್ಲವಾದ್ದರಿಂದ ಒಣ ಗಾಳಿಯಲ್ಲಿ ಅದು ಬೇಗ ನೀರು ಕಳೆದುಕೊಳ್ಳುತ್ತದೆ. ತೇವ ಸರಿಯಿದೆಯೇ ಎಂದು ತಿಳಿಯಲು ಒಂದು ಹಿಡಿ ಮಣ್ಣು ಹಿಂಡಿ ನೋಡಿ: ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಬೆಚ್ಚಗೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಸಾಕು. ಚಳಿದೇಶದಲ್ಲಿ ಶಾಖದ ಹಾಳೆ ಬೇಕಾದೀತು, ಅದನ್ನು ಥರ್ಮೋಸ್ಟಾಟ್ ಜೊತೆ ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಬೇಕೇ ಹೊರತು ಅಡಿಗಲ್ಲ. ಸೆಕೆಯಾದಾಗ ನೆಲದೊಳಗೆ ಇಳಿಯುವುದು ಈ ಪ್ರಾಣಿಯ ಸ್ವಭಾವ. ಅಡಿಯಿಂದಲೇ ಬಿಸಿ ಬಂದರೆ ತಂಪು ಹುಡುಕಿ ಹೋದದ್ದು ಬೇಯುತ್ತದೆ.

ಇಷ್ಟಾದ ಮೇಲೆ ಸೌತೆಕಾಯಿ, ಗೆಣಸು, ಕ್ಯಾರೆಟ್, ಬಾಳೆಹಣ್ಣಿನ ಚೂರು ವಾರಕ್ಕೆರಡು ಸಲ ಹಾಕಬಹುದು. ಬೂಸ್ಟು ಹಿಡಿಯುವ ಮೊದಲು ತೆಗೆಯಿರಿ. ಮೇಲಿನ ಎಲೆ ಕರಗಿ, ಮಣ್ಣಿನಲ್ಲಿ ಹಿಕ್ಕೆಯ ಉಂಡೆಗಳೇ ಹೆಚ್ಚಾಗಿ ಕಂಡಾಗ ಅರ್ಧ ಮಣ್ಣನ್ನು ಬದಲಿಸಿ. ಪೂರ್ತಿ ಬದಲಿಸಿದರೆ ಹಳೆಯ ಸೂಕ್ಷ್ಮಜೀವಿಗಳು ಹೋಗುತ್ತವೆ, ಹಿಕ್ಕೆಯ ಕವಚದಲ್ಲಿ ಸುತ್ತಿಟ್ಟ ಮೊಟ್ಟೆಗಳೂ ಹೋಗುತ್ತವೆ.

ಅತಿ ಹೆಚ್ಚು ಹಾನಿ ಮಾಡುವುದು ಸಾಕುವವರ ಕುತೂಹಲ. ಪ್ರಾಣಿ ವಾರಗಟ್ಟಲೆ ಕಾಣದಿದ್ದರೆ ಸತ್ತಿದೆಯೋ ಏನೋ ಎಂದು ಅಗೆದು ನೋಡುವ ಆಸೆ ಹುಟ್ಟುತ್ತದೆ. ಅದು ಒಳಗೆ ಪುಟ್ಟ ಗೂಡು ಮಾಡಿಕೊಂಡು ಪೊರೆ ಕಳಚುತ್ತಿರುವ ಸಂಭವವೇ ಜಾಸ್ತಿ. ಆಗ ಮೈ ಬಿಳಿಚಿ ಮೆತ್ತಗಿರುತ್ತದೆ, ಗೂಡು ಕುಸಿದರೆ ಸಾವು ಖಚಿತವೆನ್ನಬಹುದು. ಕಳಚಿದ ಪೊರೆಯನ್ನು ಅದು ತಾನೇ ತಿಂದು ಸುಣ್ಣವನ್ನು ವಾಪಸು ಪಡೆಯುತ್ತದೆ. ಸತ್ತಿದ್ದರೆ ಕೆಟ್ಟ ವಾಸನೆ ತಾನಾಗಿ ತಿಳಿಸುತ್ತದೆ. ಅಲ್ಲಿಯವರೆಗೆ ಕೈ ಹಾಕಬೇಡಿ.

ಹಗಲೆಲ್ಲ ಮಣ್ಣಿನಲ್ಲಿರುವ ಪ್ರಾಣಿಯನ್ನು ಸಾಕಿ ಏನು ಸುಖ ಎಂದು ಕೇಳುವವರಿಗೆ ನ್ಯಾಯವಾದ ಉತ್ತರ ಇದು: ಮುದ್ದಾಡಲು ಬೇಕಿದ್ದರೆ ಇದು ನಿಮಗಲ್ಲ. ಎಲೆ ಮಣ್ಣಾಗುವುದನ್ನು, ಮೂರೇ ಜೊತೆ ಕಾಲಿನೊಂದಿಗೆ ಹುಟ್ಟಿದ ಮರಿ ಒಂದೊಂದು ಪೊರೆಗೂ ಹೊಸ ಕಾಲುಗಳನ್ನು ಪಡೆಯುವುದನ್ನು ನೋಡುವ ತಾಳ್ಮೆಯಿದ್ದವರಿಗೆ ಇದು. ವಿಷದ ಭಯ ಅರ್ಧ ನಿಜ. ಹೆದರಿದಾಗ ಮೈಪಕ್ಕದ ರಂಧ್ರಗಳಿಂದ ಅದು ಬೆಂಜೊಕ್ವಿನೋನ್ ಎಂಬ ರಾಸಾಯನಿಕವಿರುವ ದ್ರವ ಸುರಿಸುತ್ತದೆ. ಚರ್ಮಕ್ಕೆ ಕಂದು ಕಲೆ ಹಿಡಿಯುತ್ತದೆ, ಕಣ್ಣಿಗೆ ತಾಗಿದರೆ ಅಪಾಯ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು, ಮಕ್ಕಳು ಕಣ್ಣುಜ್ಜದಂತೆ ನೋಡಿಕೊಳ್ಳುವುದು ಇಷ್ಟೇ ಪರಿಹಾರ. ಹುಳಕ್ಕೆ ಇಷ್ಟೆಲ್ಲ ಉಪಚಾರವೇಕೆ ಎನ್ನುವ ಆಕ್ಷೇಪ ಇನ್ನೂ ಆಳದ್ದು. ಬ್ರಿಟನ್ನಿನ 2022ರ ಪ್ರಾಣಿ ಸಂವೇದನಾ ಕಾಯ್ದೆ ಬೆನ್ನೆಲುಬಿರುವ ಪ್ರಾಣಿಗಳ ಜೊತೆಗೆ ಆಕ್ಟೋಪಸ್, ಏಡಿಗಳ ಗುಂಪನ್ನೂ ಸೇರಿಸಿಕೊಂಡಿತು, ಸಹಸ್ರಪದಿಯನ್ನು ಸೇರಿಸಲಿಲ್ಲ. ಅದಕ್ಕೆ ನೋವಾಗುತ್ತದೆಯೇ ಎಂಬುದು ಇತ್ಯರ್ಥವಾಗುವವರೆಗೂ ಕಾಯಬೇಕಿಲ್ಲ. ದೂರು ಹೇಳಲಾರದ ಜೀವಿಯ ವಿಷಯದಲ್ಲಿ ತಪ್ಪು ಗೊತ್ತಾಗುವುದು ತಡವಾಗಿ, ಆದ್ದರಿಂದ ಮುಂಜಾಗ್ರತೆಯೇ ಸಾಕುವವರ ಪಾಲಿನ ಕೆಲಸ.

ಇತರ ಅಕಶೇರುಕಗಳಲ್ಲೂ ಲೆಕ್ಕ ಹೀಗೇ: ಪ್ರಾಣಿ ಸುಲಭ, ಅದರ ಪರಿಸರ ಕಷ್ಟ. ಬ್ರಿಟಿಷ್ ಶಾಲೆಗಳ ಅಚ್ಚುಮೆಚ್ಚಿನ ಕಡ್ಡಿಹುಳು ಮೂಲತಃ ತಮಿಳುನಾಡಿನದು. ಗಂಡಿನ ಹಂಗಿಲ್ಲದೆ ಹೆಣ್ಣೇ ಮೊಟ್ಟೆಯಿಟ್ಟು ಸಂತಾನ ಬೆಳೆಸುತ್ತದೆ. ಅದಕ್ಕೆ ದಿನವೂ ತಾಜಾ ಎಲೆ ಬೇಕು, ಉದುರಿದ ಮೊಟ್ಟೆಗಳನ್ನು ಹಾಗೇ ಕಸಕ್ಕೆ ಹಾಕಬಾರದು. ಮಡಗಾಸ್ಕರದ ಬುಸುಗುಡುವ ಜಿರಲೆ ಮೊದಲ ಸಲ ಸಾಕುವವರಿಗೆ ಸಹಸ್ರಪದಿಗಿಂತ ಸಲೀಸು. ಟ್ಯಾರಂಟುಲಾ ಜೇಡ ಬೇರೆಯೇ ಮಾತು. ಕೆಲವು ಜಾತಿಯ ಹೆಣ್ಣುಗಳು 20 ವರ್ಷ ಮೀರಿ ಬದುಕುತ್ತವೆ. ಮಗು ಕಾಲೇಜಿಗೆ ಹೋದ ಮೇಲೂ ಪೆಟ್ಟಿಗೆ ಮನೆಯಲ್ಲೇ ಇರುತ್ತದೆ.

ಎಲ್ಲಿಂದ ತರುತ್ತೀರಿ ಎನ್ನುವುದು ಮಣ್ಣಿನಷ್ಟೇ ಮುಖ್ಯ. ಆಂಧ್ರದ ಗೂಟಿಯ ಹೆಸರು ಹೊತ್ತ ನೀಲಿ ಟ್ಯಾರಂಟುಲಾ ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನ ಸಣ್ಣ ಪ್ರದೇಶದಲ್ಲಷ್ಟೇ ಉಳಿದು ಅಳಿವಿನಂಚಿನಲ್ಲಿದೆ. ಮರ ಕಡಿತದ ಜೊತೆಗೆ ಸಾಕುವವರ ಮೋಹವೂ ಅದಕ್ಕೆ ಕುತ್ತಾಗಿದೆ. ಹಾಗಾಗಿ ಸಾಕಣೆಯಲ್ಲೇ ಹುಟ್ಟಿದ ಮರಿಗಳನ್ನು ಮಾತ್ರ ಕೊಳ್ಳಿ, ಮಾರುವವರಿಂದ ಅದನ್ನು ಬರೆಸಿಕೊಳ್ಳಿ. ಭಾರತದಲ್ಲಿ ವಿದೇಶಿ ಜೀವಿಯನ್ನು ಅನುಮತಿಯಿಲ್ಲದೆ ತರಿಸಲಾಗದು. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಇಟ್ಟುಕೊಂಡವರು 2024ರ ನಿಯಮದಂತೆ ನೋಂದಾಯಿಸಬೇಕು. ಊರಲ್ಲಿರುವ ಮಕ್ಕಳಿಗೆ ಇದರಿಂದ ನಷ್ಟವೇನಿಲ್ಲ. ಪಶ್ಚಿಮ ಘಟ್ಟದ, ಮುಟ್ಟಿದರೆ ಗುಂಡಗಾಗುವ ಆರ್ತ್ರೋಸ್ಫೇರ ಸಹಸ್ರಪದಿ ತೋಟದ ತ್ಯಾಜ್ಯವನ್ನು ಗೊಬ್ಬರ ಮಾಡುವುದನ್ನು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ಮಾಡಿದ್ದಾರೆ. ಹಿತ್ತಿಲ ಮೂಲೆಯಲ್ಲಿ ತರಗೆಲೆ ಗುಡ್ಡೆ ಹಾಕಿ ತೇವ ಕಾಪಾಡಿದರೆ ಒನಕೆಬಂಡಿಗಳು ತಾವಾಗಿ ಬರುತ್ತವೆ. ಪೆಟ್ಟಿಗೆಯೂ ಬೇಡ, ಪರವಾನಗಿಯೂ ಬೇಡ.

ಸಾಕು ಎನಿಸಿದಾಗ ಹೊರಗೆ ಬಿಡುವುದು ದಯೆಯಲ್ಲ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಶಂಖುಹುಳು ತಜ್ಞ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ ಆಫ್ರಿಕದ ದೈತ್ಯ ಬಸವನಹುಳುಗಳು ಅಲ್ಲಿನ ತೋಟವೊಂದಕ್ಕೆ ಸೇರಿದವು. ಆ ಜಾತಿ ಇಂದು ಕೊಡಗಿನ ಕಾಫಿ ಬೆಳೆಗಾರರಿಗೂ ತಲೆನೋವು. 1966ರಲ್ಲಿ ಹುಡುಗನೊಬ್ಬ ಹವಾಯಿಯಿಂದ ಮಯಾಮಿಗೆ ತಂದ ಮೂರು ಬಸವನಹುಳುಗಳನ್ನು ಅವನ ಅಜ್ಜಿ ತೋಟಕ್ಕೆ ಬಿಟ್ಟಾಗ ಅವುಗಳ ಸಂತತಿಯನ್ನು ಅಳಿಸಲು ಫ್ಲಾರಿಡಾಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು. ಬ್ರಿಟನ್ನಿನಲ್ಲಿ ಇದೇ ಹುಳು ಸಾಕುಪ್ರಾಣಿ, ಅಮೆರಿಕದಲ್ಲಿ ಪರವಾನಗಿಯಿಲ್ಲದೆ ಇಟ್ಟುಕೊಂಡರೆ ಅಪರಾಧ. ನಿಮಗೆ ಬೇಡವಾದ ಪ್ರಾಣಿಯನ್ನು ಅನುಭವಿ ಸಾಕಣೆದಾರರಿಗೆ ಅಥವಾ ಮಾರಿದವರಿಗೇ ಒಪ್ಪಿಸಿ. ಪೆಟ್ಟಿಗೆಯ ಹಳೆಯ ಮಣ್ಣನ್ನೂ ನೇರವಾಗಿ ಗಿಡದ ಬುಡಕ್ಕೆ ಸುರಿಯಬೇಡಿ, ಕಣ್ಣಿಗೆ ಕಾಣದ ಮೊಟ್ಟೆಗಳು ಅದರಲ್ಲಿರುತ್ತವೆ. ಚೀಲದಲ್ಲಿ ಕಟ್ಟಿ ಕೆಲವು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಹಾಕಿ.