ಮೊದಲು ನಿನ್ನ ಘೋಡಿಯನ್ನು ನೋಡು

ತಮ್ಮಾ, ಈ ವರ್ಷ ನಿನ್ನ ಹೆಣ್ಣುಕುದುರೆಗೆ, ನಮ್ಮ ಘೋಡಿಗೆ, ಗಂಡು ತೋರಿಸಬೇಕೆಂದು ಮನಸ್ಸು ಮಾಡಿದ್ದೀಯಂತೆ, ಸಂತೋಷ. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಎತ್ತಿನ ಬಂಡಿ ಶರ್ಯತ್ತಿಗೆ ಮತ್ತೆ ಒಪ್ಪಿಗೆ ಕೊಟ್ಟ ಮೇಲೆ ನಮ್ಮ ಪಿಂಪ್ರಿ-ಚಿಂಚವಾಡದ ಸುತ್ತ ಶರ್ಯತ್ತಿನ ಘಾಟುಗಳಲ್ಲಿ ಎತ್ತುಗಳ ಮುಂದೆ ಓಡುವ ಘೋಡಿಯನ್ನು ಕೇಳುವವರಿದ್ದಾರೆ. ಮದುವೆ ಮೆರವಣಿಗೆಯ ದುಡಿಮೆ ಇದ್ದೇ ಇದೆ. ಲಾಯದಲ್ಲೇ ಒಂದು ಮರಿ ಹುಟ್ಟಲಿ ಎಂಬ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ನೀನು ಗಂಡುಕುದುರೆಯ ಹೆಸರು, ಬಣ್ಣ, ಬೆಲೆ ವಿಚಾರಿಸುವುದರಿಂದ ಶುರು ಮಾಡಿದ್ದೀಯ. ಶುರುವಾಗಬೇಕಾದ್ದು ನಿನ್ನ ಘೋಡಿಯಿಂದ.

ಕುಂಟುವ ಘೋಡಿ ದುಡಿತಕ್ಕಂತೂ ಬರಲಿಲ್ಲ, ಮರಿಯನ್ನಾದರೂ ಹಾಕಲಿ ಎನ್ನುವವರು ಬಹಳ ಮಂದಿ. ಆ ಮಾತು ಕೇಳಬೇಡ. ಪೆಟ್ಟು ಬಿದ್ದು ಕುಂಟಾಗಿದ್ದರೆ ಬೇರೆ ಮಾತು. ಹುಟ್ಟಿನಿಂದಲೇ ಕಾಲು ಸೊಟ್ಟಗಿದ್ದು ಕುಂಟಾಗಿದ್ದರೆ ಆ ದೋಷ ಮರಿಗೂ ಇಳಿಯಬಹುದು. ಮರಿಯ ಅರ್ಧ ಗುಣ ತಾಯಿಯದೇ. ಘೋಡಿಗೆ ನಾಲ್ಕು ವರ್ಷ ತುಂಬಿರಲಿ. ಗೊರಸು ಗಟ್ಟಿಯಿರಲಿ. ಬ್ಯಾಂಡಿನ ಸದ್ದಿಗೆ, ಪಟಾಕಿಗೆ ಹೆದರದ ಸ್ವಭಾವವಿರಲಿ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು.

ಲೆಕ್ಕವನ್ನೂ ಹಾಕಿಕೊ. ಗಬ್ಬ ಹನ್ನೊಂದು ತಿಂಗಳು, ಅದರ ಮೇಲೆ ಹಾಲೂಡುವುದು ಐದಾರು ತಿಂಗಳು. ಮರಿಯ ಬೆನ್ನಿಗೆ ಮೂರು ವರ್ಷದ ಒಳಗೆ ಜೀನು ಹಾಕಬಾರದು. ಅಂದರೆ ಇವತ್ತು ಗಂಡು ಕೂಡಿಸಿದರೆ ಮರಿಯಿಂದ ಮೊದಲ ರೂಪಾಯಿ ಕೈಸೇರಲು ನಾಲ್ಕು ವರ್ಷ ಬೇಕು. ಅಷ್ಟು ದಿನದ ಮೇವು, ಲಾಯ, ಔಷಧದ ಖರ್ಚು ತೂಗಿಸುವ ಶಕ್ತಿಯಿದ್ದರೆ ಮಾತ್ರ ಮುಂದೆ ಹೆಜ್ಜೆ ಇಡು.

ಇನ್ನು ಒಂದು ಹಾಳೆಯಲ್ಲಿ ನಿನ್ನ ಘೋಡಿಯ ಎರಡು ಮೂರು ಕೊರತೆಗಳನ್ನು ಬರೆ. ಎದೆ ಕಿರಿದೇ? ಬೆನ್ನು ಉದ್ದವೇ? ಹಿಂಗಾಲು ಕುಡುಗೋಲಿನಂತೆ ಬಾಗಿದೆಯೇ? ಅಲ್ಲೆಲ್ಲ ಸರಿಯಾಗಿರುವ ಗಂಡೇ ನಿನಗೆ ಬೇಕಾದ್ದು. ಹಿಂಗಾಲು ತೀರ ಬಾಗಿದ ಹೆಣ್ಣಿಗೆ ತೀರ ನೆಟ್ಟಗಿನ ಗಂಡು ಕೂಡಿಸಿದರೆ ಮರಿ ನಡುಮಧ್ಯಕ್ಕೆ ಬರುತ್ತದೆಂದು ತಿಳಿಯಬೇಡ. ಸರಿಯಾದ ಕಾಲಿನ ಗಂಡನ್ನೇ ಹುಡುಕು. ಎತ್ತರದ ವಿಷಯವೂ ಹಾಗೆಯೇ. 1938ರಲ್ಲಿ ಕೇಂಬ್ರಿಜ್‌ನ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ದೈತ್ಯ ಶೈರ್ ಕುದುರೆಗೂ ಪುಟ್ಟ ಶೆಟ್ಲೆಂಡ್ ತಟ್ಟುವಿಗೂ ಸಂಕರ ಮಾಡಿ ನೋಡಿದರು. ಹುಟ್ಟುವಾಗಿನ ಮರಿಯ ಗಾತ್ರ ತಾಯಿಯ ಗಾತ್ರವನ್ನೇ ಹಿಂಬಾಲಿಸಿತು. ದೊಡ್ಡ ಗಂಡು ತಂದ ಮಾತ್ರಕ್ಕೆ ದೊಡ್ಡ ಮರಿ ಹುಟ್ಟದು.

ಅಕಲೂಜಿನ ಕುದುರೆ ಬಜಾರಿಗೆ, ಸಾರಂಗಖೇಡದ ಕುದುರೆ ಜಾತ್ರೆಗೆ ಹೋಗಿ ಬಾ, ಕಣ್ಣು ಪಳಗುತ್ತದೆ. ಆದರೆ ಹಲಗೆ ವಾದ್ಯದ ಬಡಿತಕ್ಕೆ ಹಿಂಗಾಲ ಮೇಲೆ ಕುಣಿಯುವ ಕುದುರೆ ನೋಡಿ ಅಲ್ಲೇ ಮಾತು ಕೊಡಬೇಡ. ಬೆಳಗಿನ ಹೊತ್ತು, ಹೇಳದೆ, ಅದರ ಲಾಯಕ್ಕೆ ಹೋಗು. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಲು ಹೇಳು. ಮುಂದೆ ನಿಂತು ನೋಡು: ಹೆಗಲಿನಿಂದ ನೇರ ಗೆರೆ ಎಳೆದರೆ ಅದು ಮೊಣಕಾಲಿನ ನಡುವೆ ಹಾದು ಗೊರಸಿನ ನಡುವೆ ಬೀಳಬೇಕು. ಮೇಲ್ದುಟಿ ಎತ್ತಿ ನೋಡು: ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮೇಲೆ ಸರಿಯಾಗಿ ಕೂರಬೇಕು; ಮೇಲಿನ ಹಲ್ಲು ಮುಂಚಾಚಿದ ಗಿಣಿಬಾಯಿಯಾದರೆ ಬೇಡ. ಬೀಜ ಎರಡೂ ಇಳಿದಿರಬೇಕು. ನಾಲ್ಕು ಕಾಲನ್ನೂ ಮೇಲಿಂದ ಕೆಳಗೆ ಸವರು. ಬಿಸಿ, ಊತ ಇರಬಾರದು. ಕೊನೆಗೆ ನಡೆಸಿ, ಸಣ್ಣಗೆ ಓಡಿಸಿ, ಕಣ್ಣು ಮುಚ್ಚಿ ಗೊರಸಿನ ಸದ್ದು ಕೇಳು. ಒಂದು ಪೆಟ್ಟು ಹಗುರಾದರೂ ಕಾಲಿನಲ್ಲಿ ನೋವಿದೆ. ಕಚ್ಚುವ, ಮೈಮೇಲೆ ಏರಿಬರುವ ಗಂಡು ಎಷ್ಟೇ ಚೆಲುವಿದ್ದರೂ ಮಕ್ಕಳು ಏರುವ ಮೆರವಣಿಗೆ ಕುದುರೆಗೆ ತಂದೆಯಾಗಬಾರದು. ಅದರ ಮರಿಗಳು ಎಲ್ಲಿವೆ ಎಂದು ಕೇಳಿ, ಎರಡನ್ನಾದರೂ ಕಣ್ಣಾರೆ ನೋಡು. ತಂದೆಯ ಯೋಗ್ಯತೆ ತಿಳಿಯುವುದು ಮಕ್ಕಳಲ್ಲಿ.

ಮೈಮೇಲಿನ ಕೂದಲ ಸುಳಿ ನೋಡುವವರು, ನಾಲ್ಕು ಕಾಲೂ ಮುಖವೂ ಬಿಳಿಯಿರುವ ಪಂಚಕಲ್ಯಾಣಿಯೇ ಬೇಕೆನ್ನುವವರು ನಿನ್ನ ತಲೆ ತುಂಬುತ್ತಾರೆ. ಮಾರುವಾಗ ಕೊಳ್ಳುವವರು ಅದನ್ನು ನೋಡುತ್ತಾರೆ ಎಂಬುದು ನಿಜ. ಆದರೆ ಅದು ಕಾಲು, ಉಸಿರು, ಸ್ವಭಾವ ನೋಡಿದ ಮೇಲಿನ ಮಾತು.

ರಕ್ತಪರೀಕ್ಷೆಯ ವರದಿ ಇಲ್ಲದೆ ಗಂಡಿನ ಹತ್ತಿರ ಘೋಡಿಯನ್ನು ಒಯ್ಯಬೇಡ. ಗ್ಲ್ಯಾಂಡರ್ಸ್ ಕುದುರೆಯಿಂದ ಮನುಷ್ಯನಿಗೂ ಹಬ್ಬುವ ರೋಗ. 2006ರಲ್ಲಿ ಅದು ಮಹಾರಾಷ್ಟ್ರದಲ್ಲಿ ಕಾಣಿಸಿಕೊಂಡಿತ್ತು. ರೋಗ ಖಚಿತವಾದರೆ ಕುದುರೆಯನ್ನು ದಯಾಮರಣಕ್ಕೆ ಒಪ್ಪಿಸಬೇಕು, ಬೇರೆ ದಾರಿಯಿಲ್ಲ. ಗಂಡಿನ ಮಾಲೀಕನನ್ನು ವರದಿ ಕೇಳಲು ಸಂಕೋಚಪಡಬೇಡ, ನಿನ್ನದನ್ನೂ ತೋರಿಸು.

ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತದೆ, ಐದಾರು ದಿನ ಇರುತ್ತದೆ. ಅಂಡ ಬಿಡುಗಡೆಯಾಗುವುದು ಬೆದೆಯ ಕೊನೆಯ ಒಂದೆರಡು ದಿನಗಳಲ್ಲಿ. ಆದ್ದರಿಂದ ಮೊದಲ ದಿನವೇ ಅವಸರ ಮಾಡದೆ, ಮೂರನೆಯ ದಿನದಿಂದ ದಿನ ಬಿಟ್ಟು ದಿನ ಕೂಡಿಸು. ಎರಡು ವಾರ ಕಳೆದ ಮೇಲೆ ಡಾಕ್ಟರಿಂದ ಸ್ಕ್ಯಾನ್ ಮಾಡಿಸು. ಅವಳಿ ಇದ್ದರೆ ಆಗಲೇ ತಿಳಿಯಬೇಕು. ಕುದುರೆಗೆ ಅವಳಿ ಗಬ್ಬ ಅಪಾಯ.

ಇನ್ನೊಂದು ಮಾತು. ಮಾರವಾಡಿ, ನುಕ್ರಾ ಕುದುರೆಗಳೆಂದು ದೂರ ನೋಡುವ ಮೊದಲು ಭೀಮಥಡಿ ತಟ್ಟುವನ್ನು ನೋಡು. ಭೀಮಾ ತೀರದಲ್ಲಿ ಧನಗರರ ಹೊರೆ ಹೊತ್ತು ಕುರಿಗಳ ಹಿಂದೆ ಅಲೆದ ಗಟ್ಟಿ ಜಾತಿ ಅದು. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಅದನ್ನು ಈಚೆಗೆ ದೇಶದ ಪ್ರತ್ಯೇಕ ಕುದುರೆ ತಳಿಯೆಂದು ನೋಂದಾಯಿಸಿದೆ. ನಮ್ಮ ಪವನಾ, ಇಂದ್ರಾಯಣಿಯ ನೀರು ಭೀಮೆ ಸೇರಿ ಕಲಬುರಗಿ ಸೀಮೆಗೆ ಹರಿಯುತ್ತದೆ. ಆ ತಟ್ಟು ಪುಣೆಯವರಿಗೂ ಕನ್ನಡ ಸೀಮೆಯವರಿಗೂ ಕೂಡಿದ ಸೊತ್ತು. ನಿನ್ನ ಘೋಡಿ ಆ ಜಾತಿಯದಾಗಿದ್ದರೆ ದಯವಿಟ್ಟು ಎತ್ತರದ ಆಸೆಗೆ ಸಂಕರ ಮಾಡಬೇಡ. ಅದೇ ಜಾತಿಯ, ರಕ್ತಸಂಬಂಧವಿಲ್ಲದ ಗಂಡು ಹುಡುಕು.

ಇಷ್ಟೆಲ್ಲ ನೋಡಿದ ಮೇಲೂ ಹೊಂದುವ ಗಂಡು ಸಿಗದಿದ್ದರೆ ಈ ವರ್ಷ ಘೋಡಿಯನ್ನು ಬರಿದೇ ಬಿಡು. ಒಂದು ವರ್ಷ ಹೋದರೆ ಮುಂದಿನ ವರ್ಷ ಬರುತ್ತದೆ. ತಪ್ಪು ಗಂಡಿಗೆ ಹುಟ್ಟಿದ ಮರಿ ಮಾತ್ರ ಇಪ್ಪತ್ತೈದು ವರ್ಷ ಬದುಕುತ್ತದೆ, ಅಷ್ಟು ವರ್ಷವೂ ಆ ತಪ್ಪನ್ನು ತನ್ನ ಕಾಲಿನ ಮೇಲೆ ಹೊರುತ್ತದೆ.