ಮೈಮೇಲಿನ ಗಂಧೆ: ಕಾರಣ ಹುಡುಕುವ ಬಗೆ

ಸೋಯಾ ರಾಶಿಯ ದಿನಗಳು ಬಂದವೆಂದರೆ ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಹಳ್ಳಿಗಳಲ್ಲಿ ಮೈ ತುರಿಸಿಕೊಳ್ಳುವವರು ಹೆಚ್ಚಾಗುವರು. ಧೂಳು, ಕಸ, ಬೆವರು, ಹುಳು ಎಲ್ಲವೂ ಒಂದೇ ಸಲಕ್ಕೆ ಮೈಮೇಲೆ ಬೀಳುವ ಕಾಲವದು. ಆದರೆ ತುರಿಕೆಯೆಲ್ಲ ಒಂದೇ ಜಾತಿಯದಲ್ಲ. ಕೆಲವರಿಗೆ ರಾಶಿ ಮುಗಿದ ಮೇಲೂ, ಬೇಸಿಗೆಯಲ್ಲಿ ಮನೆಯ ನೆರಳಿನಲ್ಲಿ ಕುಳಿತಾಗಲೂ ಮೈಮೇಲೆ ದಪ್ಪ ಗಂಧೆಗಳು ಏಳುವವು. ಒಮ್ಮೊಮ್ಮೆ ತುಟಿ, ಕಣ್ಣಿನ ರೆಪ್ಪೆ ಬಾತು ಮುಖದ ಗುರುತೇ ಸಿಗದಂತಾಗುವದು. ಎರಡು ಮೂರು ತಾಸಿನಲ್ಲಿ ತಾವೇ ಅಡಗುವವು, ಮರುದಿನ ಮತ್ತೊಂದು ಕಡೆಗೆ ಏಳುವವು. ಇದಕ್ಕೆ ನಾವು ಪಿತ್ತವೆನ್ನುತ್ತೇವೆ. ನೆರೆಯ ಮರಾಠಿ ಜನರೂ ಪಿತ್ತವೆಂದೇ ಅನ್ನುವರು. ಹೆಸರು ಪಿತ್ತವಾದ್ದರಿಂದ ತಪ್ಪೆಲ್ಲ ಊಟದ ತಾಟಿನ ಮೇಲೆ ಬೀಳುವದು.

ನಮ್ಮ ಬೀಗರ ಪೈಕಿ ಉಮರ್ಗಾ ತಾಲೂಕಿನ ಒಬ್ಬ ಹೆಣ್ಣುಮಗಳಿಗೆ ಹೀಗೇ ಆಯಿತು. ಮೊದಲು ಬದನೆಕಾಯಿ ಬಿಡಿಸಿದರು. ಗಂಧೆ ನಿಲ್ಲಲಿಲ್ಲ. ತೊಗರಿ ಬೇಳೆ ಬಿಟ್ಟಳು, ಶೇಂಗಾ ಬಿಟ್ಟಳು, ಹಾಲು ಮೊಸರು ಬಿಟ್ಟಳು. ಕಡೆಗೆ ಜೋಳದ ರೊಟ್ಟಿ, ಉಪ್ಪು, ತಿಳಿಸಾರು ಇಷ್ಟೇ ಉಳಿಯಿತು. ಒಂದೂವರೆ ವರ್ಷದಲ್ಲಿ ಆಕೆ ಬಿಳಿಚಿ, ಕಳೆ ಕೀಳಲು ಕುಳಿತರೆ ಎದ್ದು ನಿಲ್ಲಲಾರದಂತಾದಳು. ಗಂಧೆ ಮಾತ್ರ ವಾರಕ್ಕೆ ನಾಲ್ಕು ಸಲ ತಪ್ಪದೆ ಬರುತ್ತಿತ್ತು. ಅದರ ಮೂಲ ಎಲ್ಲಿತ್ತೆಂಬುದನ್ನು ಮುಂದೆ ಹೇಳುವೆವು.

ಗಂಧೆ ಹೇಗೆ ಏಳುವದೆಂಬುದನ್ನು ಮೊದಲು ತಿಳಿಯಬೇಕು. ನಮ್ಮ ಚರ್ಮದ ಒಳಗೆ ಮಾಸ್ಟ್ ಕಣಗಳೆಂಬವು ಇರುವವು. ಹಗೆಯಲ್ಲಿ ಜೋಳ ತುಂಬಿಟ್ಟಂತೆ ಅವುಗಳ ಒಳಗೆ ಹಿಸ್ಟಮಿನ್ ಎಂಬ ರಸ ತುಂಬಿರುವದು. ಯಾವುದೋ ಕಾರಣದಿಂದ ಹಗೆಯ ಬಾಯಿ ತೆರೆದು ರಸ ಹೊರಬಿದ್ದರೆ ಅಲ್ಲಿಯ ಸಣ್ಣ ರಕ್ತನಾಳಗಳು ಸಡಿಲಾಗಿ ನೀರು ಸೋರಿ ಚರ್ಮ ಉಬ್ಬುವದು, ತುರಿಸುವದು. ಮೇಲ್ಪದರಿನಲ್ಲಾದರೆ ಗಂಧೆ, ಆಳದಲ್ಲಾದರೆ ಬಾವು. ಹೊಟ್ಟೆಯ ಪಿತ್ತಕ್ಕೂ ಇದಕ್ಕೂ ಸಂಬಂಧವಿಲ್ಲ. ಹಗೆಯ ಬಾಯಿ ತೆರೆದದ್ದು ಯಾರು ಎಂಬುದೇ ಪ್ರಶ್ನೆ.

ಆ ಪ್ರಶ್ನೆಗೆ ಮುಂಚೆ, ಎದ್ದದ್ದು ಗಂಧೆಯೇ ಹೌದೋ ಅಲ್ಲವೋ ನೋಡಿಕೊಳ್ಳಿರಿ. ಇದಕ್ಕೆ ಕಾಸಿನ ಖರ್ಚಿಲ್ಲ. ಹೊಸದಾಗಿ ಎದ್ದ ಒಂದು ಗಂಧೆಯ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ವೇಳೆ ಬರೆದಿಡಿರಿ. ಮರುದಿನ ಅದೇ ವೇಳೆಗೆ ಗೆರೆಯೊಳಗಿನ ಚರ್ಮ ಮೊದಲಿನಂತೆ ಆಗಿದ್ದರೆ, ಬೇರೆ ಕಡೆ ಹೊಸವು ಎದ್ದಿದ್ದರೂ, ಅದು ಗಂಧೆಯೇ. ಒಂದೇ ಗಂಧೆ 24 ತಾಸು ದಾಟಿ ಅಲ್ಲಿಯೇ ನಿಂತು, ತುರಿಕೆಗಿಂತ ಉರಿ ನೋವು ಹೆಚ್ಚಾಗಿ, ಹೋಗುವಾಗ ಕಂದು ಕಲೆ ಉಳಿಸಿದರೆ ಅದು ರಕ್ತನಾಳಗಳ ಬೇರೆ ಬೇನೆ ಇರಬಹುದು. ಡಾಕ್ಟರರಿಗೆ ತೋರಿಸತಕ್ಕದ್ದು.

ನಮ್ಮ ಭಾಗದಲ್ಲಿ ಗಂಧೆಯೆಂದು ತಪ್ಪಾಗಿ ತಿಳಿಯಲ್ಪಡುವದರಲ್ಲಿ ಕಾಂಗ್ರೆಸ್ ಕಸದ ತುರಿಕೆ ಮುಖ್ಯವಾದದ್ದು. ಮರಾಠಿಯಲ್ಲಿ ಗಾಜರ ಗವತ ಅನ್ನುವ ಈ ಕಸ ಪುಣೆಯಲ್ಲಿ ಕಂಡ ಸಂಗತಿ 1956ರಲ್ಲಿ ಪ್ರಕಟವಾಯಿತು. ಅಲ್ಲಿಂದ ಅದು ದೇಶವನ್ನೆಲ್ಲ ತುಂಬಿತು. 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ದುಂಬಿಯನ್ನು ಇದರ ಮೇಲೆ ಬಿಟ್ಟರು. ದುಂಬಿ ತಿನ್ನುವದು ನಿಜ, ಕಸ ಬೆಳೆಯುವ ವೇಗ ಅದಕ್ಕಿಂತ ಹೆಚ್ಚು! ಇದರ ತುರಿಕೆ ಗಂಧೆಯಂತೆ ಬಂದು ಹೋಗುವದಿಲ್ಲ. ರೆಪ್ಪೆ, ಕುತ್ತಿಗೆ, ಮೊಣಕೈಯ ಮಡಿಕೆಯಲ್ಲಿ ಚರ್ಮ ಕೆಂಪಾಗಿ ಸೋರಿ, ಬರಬರುತ್ತ ಒಣಗಿ ಆನೆಯ ತೊಗಲಿನಂತೆ ದಪ್ಪವಾಗುವದು. ವಾರಗಟ್ಟಲೆ ಅಲ್ಲಿಯೇ ನಿಲ್ಲುವದು. ಅಂಥವರು ತುಂಬು ತೋಳಿನ ಅಂಗಿ ಹಾಕಿ, ಕಸ ಕೀಳುವ ಕೆಲಸ ಬೇರೆಯವರಿಗೆ ಬಿಡುವದೇ ಒಳ್ಳೆಯದು. ಹಾಗೆಯೇ ಕಂಬಳಿಹುಳುವಿನ ಕೂದಲು, ನಸುಗುನ್ನಿ ಕಾಯಿಯ ನವಿರು ತಾಗಿದ ಜಾಗದಲ್ಲಿ ಮಾತ್ರ ತುರಿಸುವದು. ಅದರ ಕಾರಣ ಹುಡುಕಲು ಯಾರೂ ಬೇಕಿಲ್ಲ.

ಗಂಧೆಯೇ ಎಂದು ಗೊತ್ತಾದರೆ, ಎಷ್ಟು ದಿನದಿಂದ ಎಂಬುದನ್ನು ಲೆಕ್ಕ ಮಾಡಿರಿ. ಆರು ವಾರದೊಳಗಿನದಾದರೆ ಹೊರಗಿನ ಕಾರಣ ಸಿಕ್ಕೀತು. ನೆಗಡಿ ಜ್ವರದ ಸೋಂಕು, ಹೊಸದಾಗಿ ತೆಗೆದುಕೊಂಡ ಔಷಧ, ಜೇನು ಕಣಜದ ಕಡಿತ, ಯಾವುದೋ ಒಂದು ಆಹಾರ, ಹೀಗೆ. ಮಕ್ಕಳಲ್ಲಿ ಹೆಚ್ಚಾಗಿ ಸೋಂಕೇ ಕಾರಣ. ಆರು ವಾರ ದಾಟಿ ದಿನಾಲು ಅಥವಾ ದಿನ ಬಿಟ್ಟು ದಿನ ಬರುತ್ತಿದ್ದರೆ ಮಾತು ಬೇರೆ. ಅಂಥವರಲ್ಲಿ ಬಹಳಷ್ಟು ಜನರಿಗೆ ಹೊರಗಿನ ಕಾರಣವೇ ಇರುವದಿಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ತನ್ನ ಹಗೆಯ ಬಾಯಿ ತಾನೇ ತೆರೆಯುವದು. ಬೆಳೆ ಕಾಯುವ ನಾಯಿ ಮನೆಯವರನ್ನೇ ಕಚ್ಚಿದಂತೆ. ಇವರಲ್ಲಿ ಕೆಲವರಿಗೆ ಥೈರಾಯ್ಡ್ ಗ್ರಂಥಿಯ ದೋಷವೂ ಜೊತೆಗಿರುವದರಿಂದ ಅದನ್ನು ಪರೀಕ್ಷಿಸುವದುಂಟು. ಈ ಮಾತು ಕೇಳಿ ಓದುಗರಿಗೆ ನಿರಾಶೆಯಾದೀತು. ಆದರೆ ಇಲ್ಲದ ಕಾರಣವನ್ನು ತಾಟಿನಲ್ಲಿ ಹುಡುಕಿ ಉಪವಾಸ ಬೀಳುವದಕ್ಕಿಂತ ಇದನ್ನು ತಿಳಿದಿರುವದು ಲೇಸು.

ಕಾರಣ ಇದ್ದರೆ ಅದನ್ನು ಹಿಡಿಯುವ ಉಪಾಯವೆಂದರೆ ಒಂದು ವಹಿ. ನಾಲ್ಕು ವಾರ ಬರೆಯಿರಿ. ಗಂಧೆ ಎಷ್ಟು ಗಂಟೆಗೆ ಎದ್ದಿತು, ಅದಕ್ಕೆ ಮುಂಚಿನ ಎರಡು ತಾಸಿನಲ್ಲಿ ಏನು ತಿಂದಿರಿ, ಏನು ಕುಡಿದಿರಿ, ಯಾವ ಗುಳಿಗೆ ನುಂಗಿದಿರಿ, ಎಂಥ ಕೆಲಸದಲ್ಲಿದ್ದಿರಿ. ಎರಡು ತಾಸು ಯಾಕಂದರೆ, ಆಹಾರದಿಂದ ಏಳುವ ಗಂಧೆ ಸಾಮಾನ್ಯವಾಗಿ ನಿಮಿಷಗಳಿಂದ ಎರಡು ತಾಸಿನೊಳಗೆ ಏಳುವದು. ಮೂರು ದಿನದ ಹಿಂದೆ ಮದುವೆಯಲ್ಲಿ ಉಂಡ ಬದನೆಕಾಯಿ ಇಂದಿನ ಗಂಧೆಗೆ ಹೊಣೆಯಲ್ಲ. ಗಂಧೆ ಏಳದ ದಿನ ಏನು ತಿಂದಿರೆಂಬುದನ್ನೂ ಬರೆಯಬೇಕು. ಜನ ಇದನ್ನೇ ಬಿಡುವರು. ತೊಗರಿ ದಿನಾಲು ತಿಂದು ವಾರಕ್ಕೊಮ್ಮೆ ಮಾತ್ರ ಗಂಧೆ ಎದ್ದರೆ ತೊಗರಿ ನಿರಪರಾಧಿ.

ಬೀಗರ ಆ ಹೆಣ್ಣುಮಗಳ ವಹಿಯನ್ನು ಶಾಲೆಗೆ ಹೋಗುವ ಆಕೆಯ ಮಗ ಬರೆದನು. ಮೂರು ವಾರಕ್ಕೆ ಸಂಗತಿ ಹೊರಬಿತ್ತು. ಕೂಲಿ ಮುಗಿಸಿ ಬಂದ ದಿನ ಸೊಂಟ ನೋವಿಗೆಂದು ಅಂಗಡಿಯಿಂದ ತಂದ ಗುಳಿಗೆ ನುಂಗುತ್ತಿದ್ದಳು. ತುಟಿ ಬಾತದ್ದೆಲ್ಲ ಆ ದಿನಗಳ ರಾತ್ರಿಯೇ. ಅದು ಡೈಕ್ಲೋಫಿನಾಕ್ ಗುಳಿಗೆ. ಆಸ್ಪಿರಿನ್, ಐಬುಪ್ರೊಫೆನ್ ಇದೇ ಬಳಗದವು. ದೀರ್ಘಕಾಲದ ಗಂಧೆಯವರಲ್ಲಿ ನಾಲ್ಕೈದು ಜನರಿಗೊಬ್ಬರಂತೆ ಈ ಬಳಗದ ಔಷಧಗಳು ಬೇನೆಯನ್ನು ಕೆರಳಿಸುವವು. ಜನ ಊಟ ಬರೆದುಕೊಳ್ಳುವರು, ಗುಳಿಗೆ ಬರೆಯುವದಿಲ್ಲ. ಯಾಕಂದರೆ ಗುಳಿಗೆ ಔಷಧವಲ್ಲವೇ, ಅದೇನು ಮಾಡೀತು ಎಂಬ ಭಾವನೆ. ಗುಳಿಗೆ ನಿಲ್ಲಿಸಿದ ಮೇಲೆ ಆಕೆಯ ತುಟಿ ಮತ್ತೆ ಬಾಯಲಿಲ್ಲ. ಗಂಧೆ ಪೂರ್ತಿ ಹೋಗಲಿಲ್ಲ, ಕಡಿಮೆಯಾಯಿತು. ಉಳಿದದ್ದು ಔಷಧಕ್ಕೆ ಬಗ್ಗಿತು. ಈಗ ಬೇಳೆ, ಶೇಂಗಾ, ಮೊಸರು ಎಲ್ಲ ತಿನ್ನುವಳು. ಇಂಥವರಿಗೆ ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಆಗಿಬರುವದು, ಆದರೂ ಡಾಕ್ಟರರನ್ನು ಕೇಳಿ ನುಂಗತಕ್ಕದ್ದು.

ವಹಿಯಲ್ಲಿ ಕೆಲಸದ ಕಾಲಂ ಯಾಕೆ ಬೇಕೆಂದರೆ, ಗಂಧೆಗೆ ಮೈಯ ಮೇಲಾಗುವ ಒತ್ತಡ, ತಂಪು, ಬೆವರು ಕೂಡ ಕಾರಣವಾಗುವವು. ಒಕ್ಕಲುತನದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಮುಂಗೈ ಮೇಲೆ ಮೊಂಡಾದ ಕಡ್ಡಿಯಿಂದ ಗೀರಿ ಹತ್ತು ನಿಮಿಷ ಕಾಯಿರಿ. ಗೀರಿದ ಗೆರೆ ಹಗ್ಗದಂತೆ ಉಬ್ಬಿ ತುರಿಸಿದರೆ ಅಂಥವರಿಗೆ ಕೆರೆದುಕೊಳ್ಳುವದು, ಬಿಗಿ ಉಡದಾರ, ಲಾಡಿ ಇವೇ ವೈರಿ. ಕೆಲವರಿಗೆ ಇಡೀ ದಿನ ಸಲಿಕೆ ಹಿಡಿದರೆ ರಾತ್ರಿ ಅಂಗೈ ಬಾಯುವದು, ಚೀಲ ಹೊತ್ತರೆ ಹೆಗಲು ಬಾಯುವದು. ಇದು ಒತ್ತಡ ಬಿದ್ದ ನಾಲ್ಕಾರು ತಾಸಿನ ಮೇಲೆ ಬರುವದರಿಂದ ರಾತ್ರಿಯ ಊಟದ ಮೇಲೆ ಸುಳ್ಳು ಆರೋಪ ಬೀಳುವದು. ಬೆವರಿದಾಗ, ಬಿಸಿನೀರು ಮಿಂದಾಗ ಗುಂಡುಸೂಜಿಯ ತಲೆಯಷ್ಟು ಸಣ್ಣ ಗಂಧೆಗಳು ಎದೆ ಬೆನ್ನಿನ ಮೇಲೆ ಎದ್ದು ತಾಸಿನೊಳಗೆ ಅಡಗಿದರೆ ಅದು ಬೆವರಿನ ಗಂಧೆ. ಇನ್ನು ತಂಪಿನದು. ಬರ್ಫದ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮುಂಗೈ ಮೇಲೆ ಐದು ನಿಮಿಷ ಹಿಡಿದು ತೆಗೆಯಿರಿ. ಹತ್ತು ನಿಮಿಷದಲ್ಲಿ ಆ ಆಕಾರಕ್ಕೇ ಚರ್ಮ ಉಬ್ಬಿದರೆ ತಂಪೇ ಕಾರಣ. ಅಂಥವರು ಬಾವಿಗಾಗಲಿ ಮಾಂಜ್ರಾ ಹೊಳೆಗಾಗಲಿ ಒಮ್ಮೆಲೆ ಧುಮುಕಬಾರದು. ಇಡೀ ಮೈಗೆ ತಂಪು ತಾಗಿ ರಕ್ತದೊತ್ತಡ ಕುಸಿದು ನೀರಿನಲ್ಲೇ ಎಚ್ಚರ ತಪ್ಪುವ ಭಯವುಂಟು. ಮುಂಚೆ ಎಂದಾದರೂ ಉಸಿರು ಕಟ್ಟಿದವರು ಈ ಪರೀಕ್ಷೆಗಳನ್ನು ಮನೆಯಲ್ಲಿ ಮಾಡಕೂಡದು.

ಊಟದ ಮಾತಿಗೆ ಬರೋಣ. ಆಹಾರದಿಂದ ಗಂಧೆ ಬರುವದೇ ಇಲ್ಲವೆಂದು ನಮ್ಮ ಮಾತಲ್ಲ. ಬದನೆಕಾಯಿ ಆಗದವರು ಕೆಲವರು ಇದ್ದಾರೆ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರೂ ಅದರ ಅಭ್ಯಾಸ ಮಾಡಿದ್ದಾರೆ. ಆದರೆ ಇತ್ತೀಚೆಗೆ ಪಟ್ಟಣಗಳಲ್ಲಿ ರಕ್ತ ತೆಗೆದು ನೂರಾರು ಪದಾರ್ಥಗಳ ಪಟ್ಟಿ ಕೊಡುವ ಪರೀಕ್ಷೆ ನಡೆದಿದೆ. ಸಾವಿರಾರು ರೂಪಾಯಿ ಹೋಗುವವು. ಬೆಂಗಳೂರು, ಮೈಸೂರುಗಳಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿ, ಅವರಲ್ಲಿ ಕೆಲವರ ರಕ್ತ ನೋಡಿ ಮಾಡಿದ ಅಭ್ಯಾಸವೊಂದು 2016ರಲ್ಲಿ ಪ್ರಕಟವಾಗಿದೆ. ನೂರಕ್ಕೆ 26.5 ಜನರ ರಕ್ತದಲ್ಲಿ ಒಂದಿಲ್ಲೊಂದು ಆಹಾರಕ್ಕೆ ಗುರುತು ಸಿಕ್ಕಿತು. ಆ ಆಹಾರದಿಂದ ನಿಜವಾಗಿ ತೊಂದರೆಯಿದ್ದಂತೆ ಕಂಡವರು ನೂರಕ್ಕೆ 1.2 ಮಾತ್ರ. ಅಂದ ಮೇಲೆ ಕಾಗದದ ಪಟ್ಟಿಯನ್ನು ನಂಬಿ ಅನ್ನ ಬಿಟ್ಟರೆ ಎಷ್ಟು ಜನ ಸುಮ್ಮನೆ ಬಿಟ್ಟಂತಾಯಿತು ನೋಡಿರಿ. ವಹಿಯಲ್ಲಿ ಒಂದು ಪದಾರ್ಥ ಮೇಲಿಂದ ಮೇಲೆ ಸಿಕ್ಕಿಬಿದ್ದರೆ ಆ ಒಂದರ ಪರೀಕ್ಷೆ ಮಾಡಿಸಿದರೆ ಅರ್ಥವುಂಟು.

ಒಂದು ವಿಚಿತ್ರವನ್ನು ಹೇಳಲೇಬೇಕು. ಕೆಲವರಿಗೆ ಗೋದಿ ಚಪಾತಿ ತಿಂದು ಮನೆಯಲ್ಲಿ ಕುಳಿತರೆ ಏನೂ ಆಗುವದಿಲ್ಲ, ಬರಿ ಹೊಟ್ಟೆಯಲ್ಲಿ ದುಡಿದರೂ ಆಗುವದಿಲ್ಲ. ಚಪಾತಿ ತಿಂದು ತಾಸು ಎರಡು ತಾಸಿನಲ್ಲಿ ಕಷ್ಟದ ಕೆಲಸಕ್ಕೆ ಇಳಿದರೆ ಮಾತ್ರ ಮೈತುಂಬ ಗಂಧೆ ಎದ್ದು ತಲೆ ತಿರುಗಿ ಬೀಳುವರು. ಎರಡೂ ಕೂಡಿದಾಗಲೇ ಬರುವದರಿಂದ ಇದು ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವದು. ಹೀಗೆ ಒಮ್ಮೆ ಬಿದ್ದವರು ತಡಮಾಡದೆ ದೊಡ್ಡ ದವಾಖಾನೆಗೆ ಹೋಗಬೇಕು.

ತುರಿಕೆ ಗಂಧೆ ಏನೂ ಇಲ್ಲದೆ ಬರಿ ತುಟಿ, ನಾಲಗೆ ಬಾತರೆ ರಕ್ತದೊತ್ತಡದ ಗುಳಿಗೆಯ ಹೆಸರು ನೋಡಿರಿ. ಎನಲಾಪ್ರಿಲ್, ರಾಮಿಪ್ರಿಲ್ ಹೀಗೆ ಪ್ರಿಲ್ ಎಂದು ಮುಗಿಯುವವು ಕೆಲವರಲ್ಲಿ ತಿಂಗಳು ವರ್ಷಗಳ ನಂತರವೂ ಬಾವು ತರುವವು. ಅದೇ ದಿನ ಡಾಕ್ಟರರಿಗೆ ತೋರಿಸಿ ಗುಳಿಗೆ ಬದಲಿಸಿಕೊಳ್ಳಬೇಕು. ತಂದೆ, ಅಣ್ಣ, ಅತ್ತೆ ಹೀಗೆ ಒಂದೇ ಮನೆತನದಲ್ಲಿ ತುರಿಕೆಯಿಲ್ಲದ ಬಾವು, ಜೊತೆಗೆ ಹೊಟ್ಟೆ ಹಿಂಡುವ ನೋವು ಬರುತ್ತಿದ್ದರೆ ಅದು ವಂಶದ ಬೇನೆ. ಗಂಧೆಯ ಔಷಧಗಳು ಅದಕ್ಕೆ ತಾಗುವದಿಲ್ಲ.

ಗಂಧೆಯೊಂದಿಗೆ ದನಿ ಒಡೆದರೆ, ನಾಲಗೆ ದಪ್ಪಾದರೆ, ಉಸಿರು ಸಿಳ್ಳೆ ಹಾಕಿದರೆ, ಮೇಲಿಂದ ಮೇಲೆ ವಾಂತಿಯಾದರೆ, ಕಣ್ಣು ಕತ್ತಲೆಗೂಡಿದರೆ ವಹಿ ಗಿಹಿ ಪಕ್ಕಕ್ಕಿಟ್ಟು 108ಕ್ಕೆ ಕರೆ ಮಾಡಿರಿ, ಇಲ್ಲವೆ ಸಿಕ್ಕ ಗಾಡಿಯಲ್ಲಿ ಹತ್ತಿರದ ದವಾಖಾನೆಗೆ ಒಯ್ಯಿರಿ. ಆಗ ಜೀವ ಉಳಿಸುವದು ತೊಡೆಯ ಸ್ನಾಯುವಿಗೆ ಚುಚ್ಚುವ ಅಡ್ರಿನಲಿನ್. ಹೆಜ್ಜೇನು ಎದ್ದು ಕಡಿದಾಗಲೂ ಇದೇ ಮಾತು. ಉಬ್ಬಸವಿಲ್ಲದಿದ್ದರೆ ಬೇನೆಯವನನ್ನು ಮಲಗಿಸಿ ಕಾಲು ಎತ್ತರಿಸಿರಿ, ನಡೆಸಬೇಡಿರಿ.

ಉಳಿದವರಿಗೆ ಸೆಟ್ರಿಜಿನ್ ಜಾತಿಯ ಗುಳಿಗೆ ಮೊದಲ ಔಷಧ. ದೀರ್ಘಕಾಲದ ಗಂಧೆಗೆ ಇದನ್ನು ಎದ್ದಾಗೊಮ್ಮೆ ನುಂಗುವದಕ್ಕಿಂತ ಡಾಕ್ಟರರು ಹೇಳಿದಷ್ಟು ದಿನ ನೇಮದಿಂದ ನುಂಗಿದರೆ ಗುಣ ಹೆಚ್ಚು. ನಿದ್ದೆ ತರುವ ಹಳೆಯ ಗುಳಿಗೆ ನುಂಗಿ ಟ್ರ್ಯಾಕ್ಟರ್ ಏರುವದು, ರಾಶಿ ಯಂತ್ರದ ಬಾಯಿಗೆ ಕೈ ಕೊಡುವದು ಬೇಡ. ಕೂಡಲೆ ಇಳಿಯುವದೆಂದು ಸ್ಟೆರಾಯ್ಡ್ ಗುಳಿಗೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವವರು ಸಕ್ಕರೆ ಬೇನೆ, ಎಲುಬಿನ ಸವೆತ ತಂದುಕೊಳ್ಳುವರು. ಆಮಸೂಲಿನ ನೀರು ಹಚ್ಚಿದರೆ ತಂಪಾದೀತು, ಹಾನಿಯಿಲ್ಲ. ಕಂಬಳಿಯಿಂದ ತಿಕ್ಕಿದರೆ ಮಾತ್ರ ಗಂಧೆ ಇನ್ನೂ ಏಳುವವು.

ಲಾತೂರು, ಸೋಲಾಪುರ, ಬೀದರಗಳ ಸರಕಾರಿ ದೊಡ್ಡ ದವಾಖಾನೆಗಳಲ್ಲಿ ಚರ್ಮದ ವಿಭಾಗಗಳಿವೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಗಂಧೆ ಅಡಗಿರುವದು, ಡಾಕ್ಟರರು ಬರಿ ಮೈ ನೋಡಿ ಏನು ಹೇಳಿಯಾರು? ಎದ್ದಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿರಿ. ವಹಿಯನ್ನೂ, ನುಂಗುವ ಎಲ್ಲ ಗುಳಿಗೆಗಳ ಪಾಕೀಟುಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿರಿ. ಮರಾಠಿ ಡಾಕ್ಟರರ ಮುಂದೆ ಬರಿ ಪಿತ್ತವೆಂದರೆ ಹೊಟ್ಟೆಯ ಹುಳಿಯೆಂದು ತಿಳಿದು ಅದರ ಗುಳಿಗೆ ಬರೆದಾರು. ಅಂಗಾವರ ಗಾಂಧೀ ಉಠತಾತ ಎನ್ನಿರಿ, ಅವರಿಗೆ ತಿಳಿಯುವದು.